ಗಂಗಾ ಒಪ್ಪಂದಕ್ಕೆ ಮೂವತ್ತು ವರ್ಷ: ಬೇಸಿಗೆಯ ನೀರನ್ನು ಹಂಚಿಕೊಳ್ಳುವುದು ಹೇಗೆ?

ಹೇಮೆಯ ದಂಡೆ

1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಹಾಸನ ಜಿಲ್ಲೆಯ ರೈತ ಕುಟುಂಬದ ಒಬ್ಬರು ಗಂಗೆಯ ನೀರಿನ ಹಂಚಿಕೆಗೆ ಸಹಿ ಹಾಕಿದರು. ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಆಗ ಆರು ತಿಂಗಳಾಗಿತ್ತಷ್ಟೆ. ಬಾಂಗ್ಲಾದೇಶದ ಪರವಾಗಿ ಸಹಿ ಹಾಕಿದ ಶೇಖ್ ಹಸೀನಾ ಅವರೂ ಅದೇ ವರ್ಷದ ಜೂನ್‌ನಲ್ಲಿ ಅಧಿಕಾರಕ್ಕೆ ಬಂದವರು. ಒಪ್ಪಂದದ ಅವಧಿ ಮೂವತ್ತು ವರ್ಷ. 2026ರ ಡಿಸೆಂಬರ್‌ಗೆ ಅದು ತೀರುತ್ತದೆ.

ನಾನು ನಾಲೆಗಳ ಮೇಲೆ ಕೆಲಸ ಮಾಡಿ ನಿವೃತ್ತನಾದವನು. ಕಾವೇರಿಯ ಮಾತು ಬಂದಾಗ ಎಲ್ಲರೂ ದನಿ ಎತ್ತುವ ನಮ್ಮಲ್ಲಿ ಈ ಒಪ್ಪಂದದ ಬಗ್ಗೆ ತಿಳಿದವರು ಬಹಳ ಕಡಿಮೆ. ಅದು ನನಗೆ ನೋವಿನ ಸಂಗತಿ. ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ.

ಕೋಲ್ಕತ್ತ ಬಂದರು ಹೂಳಿನಿಂದ ಮುಚ್ಚಿಹೋಗುತ್ತಿತ್ತು. ಹೂಗ್ಲಿ ನದಿಗೆ ಹೆಚ್ಚು ನೀರು ಹರಿಸಿದರೆ ಹೂಳು ಕೊಚ್ಚಿಕೊಂಡು ಹೋಗುತ್ತದೆ ಎಂಬ ಲೆಕ್ಕದಲ್ಲಿ ಗಂಗೆಗೆ ಅಡ್ಡಲಾಗಿ ಫರಕ್ಕಾದಲ್ಲಿ ಬ್ಯಾರೇಜ್ ಕಟ್ಟಲಾಯಿತು. ಉದ್ದ ಎರಡು ಕಿ.ಮೀ.ಗಿಂತ ಹೆಚ್ಚು, ಗೇಟುಗಳು 109. ಅಲ್ಲಿಂದ ಸುಮಾರು 38 ಕಿ.ಮೀ. ಉದ್ದದ ಪೂರಕ ನಾಲೆ ಹೂಗ್ಲಿಯ ಮೇಲ್ಭಾಗವಾದ ಭಾಗೀರಥಿಗೆ ಸೇರುತ್ತದೆ. ಆ ನಾಲೆಯ ಸಾಮರ್ಥ್ಯ 40,000 ಕ್ಯುಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ ನೀರು. 1975ರ ಏಪ್ರಿಲ್‌ನಲ್ಲಿ ಅದಕ್ಕೆ ನೀರು ಬಿಟ್ಟರು. ಬ್ಯಾರೇಜ್‌ನಿಂದ ಬಾಂಗ್ಲಾದೇಶದ ಗಡಿಗೆ ಇಪ್ಪತ್ತು ಕಿ.ಮೀ. ಕೂಡ ಇಲ್ಲ. ಮಳೆಗಾಲದಲ್ಲಿ ಈ ನದಿಯಲ್ಲಿ ಹಂಚುವ ಪ್ರಶ್ನೆಯೇ ಏಳುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಇಬ್ಬರಿಗೂ ಸಾಲುವಷ್ಟು ನೀರು ಇರುವುದಿಲ್ಲ.

ಆದ್ದರಿಂದ ಒಪ್ಪಂದ ಜನವರಿ 1ರಿಂದ ಮೇ 31ರವರೆಗಿನ ಐದು ತಿಂಗಳಿಗೆ ಮಾತ್ರ ಸಂಬಂಧಿಸಿದ್ದು. ಹತ್ತು ಹತ್ತು ದಿನಗಳ ಹದಿನೈದು ಅವಧಿಗಳು. ಫರಕ್ಕಾದಲ್ಲಿ 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧ ಅರ್ಧ. 70,000ದಿಂದ 75,000 ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತಕ್ಕೆ 40,000, ಉಳಿದದ್ದು ಅವರಿಗೆ.

ನನ್ನ ಪ್ರಶ್ನೆ ಇದು. ಅವಧಿ ಮುಗಿದ ಮೇಲೆ ಏನು? ಮದ್ರಾಸ್ ಮತ್ತು ಮೈಸೂರು ನಡುವಿನ 1924ರ ಕಾವೇರಿ ಒಪ್ಪಂದಕ್ಕೆ 1974ರಲ್ಲಿ ಐವತ್ತು ವರ್ಷ ತುಂಬಿತು. ಮುಗಿಯಿತು ಎಂದು ನಾವು ಹೇಳಿದೆವು, ಮುಗಿದಿಲ್ಲ ಎಂದು ತಮಿಳುನಾಡು ಹೇಳಿತು. ನ್ಯಾಯಮಂಡಳಿ ಬಂದದ್ದು 1990ರಲ್ಲಿ, ಅಂತಿಮ ತೀರ್ಪು 2007ರಲ್ಲಿ, ಸುಪ್ರೀಂ ಕೋರ್ಟ್‌ನ ಕೊನೆಯ ಮಾತು 2018ರಲ್ಲಿ. ಒಂದೇ ದೇಶದೊಳಗೆ, ಒಂದೇ ಸಂವಿಧಾನದ ಕೆಳಗೆ ನಲವತ್ತನಾಲ್ಕು ವರ್ಷ. ಎರಡು ದೇಶಗಳ ನಡುವೆ ಅಂಥ ನ್ಯಾಯಾಲಯವೂ ಇಲ್ಲ. ಹಳೆಯ ಕಾಗದ ಜೀವಂತವಾಗಿರುವಾಗಲೇ ಹೊಸದನ್ನು ಬರೆಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ನಿಮ್ಮ ಅಭಿಪ್ರಾಯ ಹೇಳಿ.

ಬೆಳಗಾವಿ ಓದುಗ

ಗಂಗೆಯ ಅರ್ಧ ನೀರನ್ನು ಕೊಟ್ಟುಬಿಟ್ಟೆವು ಎಂದೇ ನಾನು ಇದುವರೆಗೆ ತಿಳಿದಿದ್ದೆ. ಬೇಸಿಗೆಗೆ ಮಾತ್ರ ಎಂಬುದು ಗೊತ್ತಿರಲಿಲ್ಲ. ಆದರೂ ನನ್ನ ಆಕ್ಷೇಪ ಹಾಗೆಯೇ ಇದೆ. ಮೇಲಿನ ದಂಡೆಯವರು ನಾವು. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಜೊತೆಗಿನ ಸಿಂಧೂ ನದಿ ಒಪ್ಪಂದವನ್ನೇ ಅಮಾನತಿನಲ್ಲಿ ಇಟ್ಟಿದ್ದೇವೆ. ಢಾಕಾದಲ್ಲಿ ಸರ್ಕಾರ ಬದಲಾಗಿದೆ. ಈಗ ನಾವೇ ಮುಂದೆ ಹೋಗಿ ಮತ್ತೆ ಮೂವತ್ತು ವರ್ಷಕ್ಕೆ ಕೈ ಕಟ್ಟಿಸಿಕೊಳ್ಳುವುದು ಏಕೆ? ವರ್ಷ ವರ್ಷಕ್ಕೆ ನೋಡಿಕೊಂಡು ಬಿಡಬಹುದಲ್ಲ.

ಕೊನೆಭಾಗದ ರೈತ

ಕ್ಯುಸೆಕ್ ಲೆಕ್ಕ ನಮಗೆ ಕಣ್ಣಿಗೆ ಕಟ್ಟುವುದಿಲ್ಲ. ಟಿಎಂಸಿ ಅಡಿಯಲ್ಲಿ ಎಷ್ಟು ಎಂದು ದಯವಿಟ್ಟು ಹೇಳಿ ಸರ್.

ಹೇಮೆಯ ದಂಡೆ

ಯಜಮಾನರೇ, 35,000 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಸುಮಾರು 3 ಟಿಎಂಸಿ ಅಡಿ. ಹತ್ತು ದಿನಕ್ಕೆ 30. ಕೃಷ್ಣರಾಜಸಾಗರ ತುಂಬಿದಾಗ ಇರುವುದು 49.45 ಟಿಎಂಸಿ ಅಡಿ. ಬಾಂಗ್ಲಾದೇಶದ ಪಾಲು ಹದಿನಾರು, ಹದಿನೇಳು ದಿನ ಹರಿದರೆ ಅಷ್ಟು ನೀರಾಗುತ್ತದೆ. ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ನಾವು ಇಡೀ ವರ್ಷಕ್ಕೆ ಬಿಡಬೇಕಾದ ಕಾವೇರಿಯ 177.25 ಟಿಎಂಸಿ ಅಡಿ ಅಲ್ಲಿ ಎರಡು ತಿಂಗಳೊಳಗೆ ಹರಿದುಹೋಗುತ್ತದೆ. ಗಂಗೆ ಎಷ್ಟು ದೊಡ್ಡ ನದಿ ಎಂಬುದು ಇದರಿಂದ ತಿಳಿಯುತ್ತದೆ. ಅಷ್ಟು ದೊಡ್ಡ ನದಿಯೂ ಏಪ್ರಿಲ್‌ನಲ್ಲಿ ಸಾಲುವುದಿಲ್ಲ.

ಈ ಒಪ್ಪಂದದಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಏರ್ಪಾಡೂ ಇದೆ. ಅತಿ ಕಷ್ಟದ ಕಾಲವಾದ ಮಾರ್ಚ್ 11ರಿಂದ ಮೇ 10ರವರೆಗೆ ಒಂದು ಹತ್ತು ದಿನ ಬಾಂಗ್ಲಾದೇಶಕ್ಕೆ 35,000 ಕ್ಯುಸೆಕ್ ಖಚಿತ, ಮುಂದಿನ ಹತ್ತು ದಿನ ಭಾರತಕ್ಕೆ 35,000 ಖಚಿತ. ಹೀಗೆ ಇಬ್ಬರಿಗೂ ಮೂರು ಮೂರು ಸರದಿ. ಉದಾಹರಣೆಗೆ 1949ರಿಂದ 1988ರವರೆಗಿನ ಸರಾಸರಿಯ ಪ್ರಕಾರ ಏಪ್ರಿಲ್ 11ರಿಂದ 20ರವರೆಗೆ ಫರಕ್ಕಾಕ್ಕೆ ಬರುವುದು 62,633 ಕ್ಯುಸೆಕ್. ಆ ಸರದಿ ಭಾರತದ್ದು, 35,000 ನಮಗೆ, 27,633 ಅವರಿಗೆ. ಮುಂದಿನ ಹತ್ತು ದಿನ ಬರುವುದು 60,992. ಆಗ 35,000 ಅವರಿಗೆ, 25,992 ನಮಗೆ.

ಕೊನೆಭಾಗದ ರೈತ

ಇದು ನಮ್ಮ ಕಟ್ಟು ಪದ್ಧತಿಯೇ ಆಯಿತು! ನಮ್ಮ ನಾಲೆಯಲ್ಲಿಯೂ ಬೇಸಿಗೆಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಮೇಲಿನ ಊರಿನವರು ರಾತ್ರಿ ತೂಬು ಎತ್ತದಿದ್ದರೆ ಆ ಪದ್ಧತಿಯಲ್ಲಿ ಕೊನೆಯ ಗದ್ದೆಗೂ ನೀರು ತಲುಪುತ್ತದೆ. ಎತ್ತಿದರೆ ನಮ್ಮ ಪಾಲಿಗೆ ಬರುವುದು ಕೆಸರು. ಬೆಳಗಾವಿಯವರು ವರ್ಷ ವರ್ಷಕ್ಕೆ ನೋಡಿಕೊಂಡು ಬಿಡಬಹುದು ಎನ್ನುತ್ತಾರೆ. ನಾಲೆಯ ಕೊನೆಯಲ್ಲಿ ಒಂದು ಬೇಸಿಗೆ ಕಳೆದವರು ಆ ಮಾತು ಆಡಲಾರರು. ಎಷ್ಟು ಬರುತ್ತದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದು ನಮಗೆ ಮುಖ್ಯ. ಬರುವ ದಿನ ಗೊತ್ತಿದ್ದರೆ ಒಟ್ಟಲು (ಸಸಿಮಡಿ) ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇವೆ. ಗೊತ್ತಿಲ್ಲದಿದ್ದರೆ ಬೀಜವೂ ಹೋಗುತ್ತದೆ, ಸಾಲವೂ ಉಳಿಯುತ್ತದೆ.

ಹೂಗ್ಲಿ ತೀರ

ಹನ್ನೊಂದು ವರ್ಷದಿಂದ ಕೋಲ್ಕತ್ತದಲ್ಲಿ ಇದ್ದೇನೆ, ಊರು ತುಮಕೂರು. ಉತ್ತರ ಬಂಗಾಳಕ್ಕೆ ಹೋಗುವ ರೈಲು ಫರಕ್ಕಾ ಬ್ಯಾರೇಜ್ ಮೇಲೆಯೇ ಹಾದು ಹೋಗುತ್ತದೆ. ಬೇಸಿಗೆಯಲ್ಲಿ ಎಡಗಡೆಯ ಕಿಟಕಿಯಲ್ಲಿ ಕಣ್ಣು ಹಾಯುವಷ್ಟು ದೂರ ನೀರು. ಬಲಗಡೆಯ ಕಿಟಕಿಯಲ್ಲಿ ಮರಳಿನ ದಿಬ್ಬಗಳು, ಅವುಗಳ ನಡುವೆ ಸೀಳಿಕೊಂಡ ಹರಿವು. ಗೆರೆ ಎಳೆದಂಥ ಆ ವ್ಯತ್ಯಾಸವನ್ನು ಮೊದಲ ಬಾರಿ ನೋಡಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಫರಕ್ಕಾದಿಂದ ಕಷ್ಟ ಬಾಂಗ್ಲಾದೇಶಕ್ಕೆ ಮಾತ್ರ ಎಂದು ಯಾರೂ ತಿಳಿಯಬಾರದು. ಮೇಲ್ಭಾಗದ ಮಾಲ್ದಾ, ಕೆಳಭಾಗದ ಮುರ್ಷಿದಾಬಾದ್ ಜಿಲ್ಲೆಗಳಲ್ಲಿ ನದಿ ದಂಡೆಯನ್ನು ತಿನ್ನುತ್ತಲೇ ಇದೆ. ಮನೆ, ಶಾಲೆ, ಮಾವಿನ ತೋಪು ನದಿಯ ಪಾಲಾಗಿವೆ. ಹೂಳು ನಿಂತು ತಮ್ಮಲ್ಲಿ ಪ್ರವಾಹ ಹೆಚ್ಚಾಗುತ್ತಿದೆ, ಬ್ಯಾರೇಜನ್ನೇ ತೆಗೆಯಿರಿ ಎಂದು ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್ 2016ರಲ್ಲಿ ಕೇಳಿದರು. ಇಲ್ಲಿಯವರಿಗೆ ಪ್ರಾಣವಾದ ಹಿಲ್ಸಾ ಮೀನು ಮೊದಲು ಸಮುದ್ರದಿಂದ ಅಲಹಾಬಾದ್‌ವರೆಗೂ ಈಜಿ ಬರುತ್ತಿತ್ತು. ಬ್ಯಾರೇಜ್ ಬಂದ ಮೇಲೆ ಅದರ ದಾರಿ ಅಲ್ಲಿಗೇ ನಿಂತಿತು.

ಇಷ್ಟೆಲ್ಲ ಆಗಿ ಬಂದರು ಉಳಿಯಿತೇ? ಹೂಳೆತ್ತುವ ಯಂತ್ರಗಳು ಇಂದಿಗೂ ಹೂಗ್ಲಿಯಲ್ಲಿ ಕೆಲಸ ಮಾಡುತ್ತಿವೆ. ಬ್ಯಾರೇಜ್ ಕಟ್ಟುವ ಮೊದಲೇ ಪಶ್ಚಿಮ ಬಂಗಾಳದ ಎಂಜಿನಿಯರ್ ಕಪಿಲ್ ಭಟ್ಟಾಚಾರ್ಯ ಅವರು ಇದರಿಂದ ಬಂದರು ಉಳಿಯುವುದಿಲ್ಲ ಎಂದು ಎಚ್ಚರಿಸಿದ್ದರು. ದಾಮೋದರ ನದಿಯ ಅಣೆಕಟ್ಟುಗಳು ಹೂಗ್ಲಿಗೆ ಬರುತ್ತಿದ್ದ ಪ್ರವಾಹವನ್ನು ತಡೆದದ್ದೇ ಹೂಳಿಗೆ ಕಾರಣ ಎಂಬುದು ಅವರ ವಾದ. ಅದಕ್ಕಾಗಿ ಅವರು ದೇಶದ್ರೋಹಿ ಎಂಬ ಮಾತು ಕೇಳಬೇಕಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಬೆಳಗಾವಿ ಓದುಗ

ಹೂಗ್ಲಿಯವರೇ, ನೀವು ಹೇಳುವುದು ನನ್ನ ವಾದವನ್ನೇ ಬಲಪಡಿಸುತ್ತದೆ. ನಮ್ಮವರೇ ಇಷ್ಟು ಕಷ್ಟದಲ್ಲಿ ಇರುವಾಗ ಮೊದಲು ಅವರದ್ದನ್ನು ನೋಡಬೇಕಲ್ಲವೇ?

ಹೂಗ್ಲಿ ತೀರ

ನೋಡಲೇಬೇಕು. ಆದರೆ ಮಾಲ್ದಾದ ದಂಡೆ ಕುಸಿಯುತ್ತಿರುವುದು ಬಾಂಗ್ಲಾದೇಶಕ್ಕೆ ನೀರು ಬಿಟ್ಟದ್ದರಿಂದ ಅಲ್ಲ. ನೀರನ್ನೂ ಹೂಳನ್ನೂ ತಡೆದದ್ದರಿಂದ. ಹೊಸ ಒಪ್ಪಂದದಲ್ಲಿ ಹೂಳಿನ ಮಾತೂ ಇರಲಿ ಎಂಬುದು ನನ್ನ ಬೇಡಿಕೆ. 1996ರ ಒಪ್ಪಂದ ನೀರನ್ನು ಮಾತ್ರ ಎಣಿಸುತ್ತದೆ. ನದಿ ಹೊತ್ತು ತರುವ ಮಣ್ಣನ್ನು, ಮೀನನ್ನು ಎಣಿಸುವುದಿಲ್ಲ.

ಅಘನಾಶಿನಿ

ನಾನು ಕುಮಟಾ ಕಡೆಯವಳು. ಹೊಳೆಯ ಅಂಚಿನಲ್ಲಿ ಉಪ್ಪುನೀರು ನುಗ್ಗುವ ನಮ್ಮ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತೇವೆ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದರೆ ಮಾತ್ರ ಆ ಬೆಳೆ. ಹೊಳೆಯ ನೀರು ಕಡಿಮೆಯಾದರೆ ಸಮುದ್ರದ ಭರತದ (ಉಬ್ಬರದ) ಉಪ್ಪುನೀರು ಎಷ್ಟು ಒಳಗೆ ಬರುತ್ತದೆ ಎಂಬುದನ್ನು ಬಾವಿಯ ನೀರಿನ ರುಚಿಯಲ್ಲೇ ಹೇಳಬಲ್ಲೆವು. ಆದ್ದರಿಂದ ಗಂಗೆಯ ಕೆಳಗಿನ ತುದಿಯ ಕಥೆ ನನಗೆ ದೂರದ್ದು ಅನ್ನಿಸುವುದಿಲ್ಲ.

ಬಾಂಗ್ಲಾದೇಶದ ನೈಋತ್ಯ ಭಾಗಕ್ಕೆ ಗಂಗೆಯ ಸಿಹಿನೀರನ್ನು ಒಯ್ಯುವುದು ಗೋರಾಯಿ ಎಂಬ ಕವಲು ನದಿ. ಮುಖ್ಯ ನದಿಯಲ್ಲಿ ನೀರು ಇಳಿದಾಗ ಗೋರಾಯಿಯ ಬಾಯಿ ಮರಳಿನಿಂದ ಮುಚ್ಚಿಕೊಳ್ಳುತ್ತದೆ. ಆಗ ಖುಲ್ನಾ ಕಡೆ ಉಪ್ಪು ಮೇಲೇರುತ್ತದೆ. ಸುಂದರಬನಕ್ಕೆ ಹೆಸರು ಕೊಟ್ಟಿರುವ ಸುಂದರಿ ಮರಗಳು ತುದಿಯಿಂದ ಒಣಗುತ್ತಾ ಬರುವ ರೋಗ ಅಲ್ಲಿ ಹಬ್ಬಿದೆ. ಹೆಚ್ಚಿದ ಉಪ್ಪೂ ಅದಕ್ಕೆ ಒಂದು ಕಾರಣ ಎಂದು ಅರಣ್ಯ ವಿಜ್ಞಾನಿಗಳು ಹೇಳುತ್ತಾರೆ. ಸಿಗಡಿ ಕೆರೆಗಳಿಗೆ ಉದ್ದೇಶಪೂರ್ವಕವಾಗಿ ಉಪ್ಪುನೀರು ನುಗ್ಗಿಸಿದ್ದೂ ಅಲ್ಲಿ ಇದೆ, ಎಲ್ಲ ತಪ್ಪನ್ನೂ ಫರಕ್ಕಾದ ಮೇಲೆ ಹೊರಿಸಲಾರೆ. ಆದರೆ ಕುಡಿಯುವ ನೀರಿಗಾಗಿ ಕೊಡ ಹಿಡಿದು ಮೈಲುಗಟ್ಟಲೆ ನಡೆಯುವ ಹೆಂಗಸಿಗೆ ಈ ಕಾರಣಗಳ ಪಾಲು ಹಂಚಿಕೆಯಿಂದ ಏನು ಸಮಾಧಾನ?

ಸುಂದರಬನ ಒಂದೇ ಕಾಡು. ನಡುವೆ ಗಡಿ ಎಳೆದವರು ಮನುಷ್ಯರು. ಆ ಕಡೆಯ ಅರ್ಧ ಕಾಡು ಒಣಗಿದರೆ ಚಂಡಮಾರುತ ಬಂದಾಗ ಈ ಕಡೆಯವರಿಗೂ ಆಸರೆ ಕಡಿಮೆಯಾಗುತ್ತದೆ.

ಧಾರವಾಡದ ವಕೀಲೆ

ಕಾನೂನಿನ ಕಡೆಯಿಂದ ಕೆಲವು ಮಾತು. ಬೆಳಗಾವಿಯ ಅಣ್ಣನವರು ಹೇಳುವಂತೆ ವರ್ಷ ವರ್ಷಕ್ಕೆ ನೋಡಿಕೊಂಡು ಬಿಡುವುದನ್ನು ಈಗಾಗಲೇ ಮಾಡಿ ನೋಡಿದ್ದೇವೆ. 1975ರಲ್ಲಿ ನಲವತ್ತೊಂದು ದಿನಗಳ ಪ್ರಾಯೋಗಿಕ ವ್ಯವಸ್ಥೆ ಎಂದು ಆರಂಭವಾಯಿತು. 1976ರ ಬೇಸಿಗೆಗೆ ಯಾವ ಒಪ್ಪಂದವೂ ಇರಲಿಲ್ಲ. ಆ ಮೇ ತಿಂಗಳಲ್ಲಿ ಬಾಂಗ್ಲಾದೇಶದ ಇಳಿವಯಸ್ಸಿನ ನಾಯಕ ಮೌಲಾನಾ ಭಾಷಾನಿ ಅಲ್ಲಿನ ರಾಜಶಾಹಿಯಿಂದ ಫರಕ್ಕಾದ ಕಡೆಗೆ ಜನರ ಮೆರವಣಿಗೆ ಹೊರಡಿಸಿದರು. ಅದೇ ವರ್ಷ ವಿಷಯ ವಿಶ್ವಸಂಸ್ಥೆಗೆ ಹೋಯಿತು. ನಂತರ 1977ರ ನವೆಂಬರ್‌ನಲ್ಲಿ ಐದು ವರ್ಷದ ಒಪ್ಪಂದ. ಅದರಲ್ಲಿ ಒಂದು ಒಳ್ಳೆಯ ಷರತ್ತು ಇತ್ತು: ನದಿಯಲ್ಲಿ ನೀರು ಎಷ್ಟೇ ಇಳಿದರೂ ಬಾಂಗ್ಲಾದೇಶಕ್ಕೆ ಅದರ ನಿಗದಿತ ಪಾಲಿನ ಶೇ 80ಕ್ಕಿಂತ ಕಡಿಮೆ ಆಗಬಾರದು. 1982 ಮತ್ತು 1985ರ ತಿಳಿವಳಿಕೆ ಪತ್ರಗಳಲ್ಲಿ ಆ ಷರತ್ತು ಇರಲಿಲ್ಲ. 1988ರಲ್ಲಿ ಅವೂ ಮುಗಿದವು. ಅಲ್ಲಿಂದ 1996ರವರೆಗೆ ಎಂಟು ಬೇಸಿಗೆ ಏನೂ ಇಲ್ಲ. ಆ ಎಂಟು ವರ್ಷದಲ್ಲಿ ನಾವು ಗಳಿಸಿದ್ದೇನು? ನೆರೆಯ ದೇಶದ ಪ್ರತಿ ಚುನಾವಣೆಯಲ್ಲಿಯೂ ಫರಕ್ಕಾ ಒಂದು ಘೋಷಣೆಯಾಯಿತು, ಅಷ್ಟೆ.

1996ರ ಒಪ್ಪಂದದಲ್ಲಿ ಶೇ 80ರ ಷರತ್ತು ಮರಳಿ ಬರಲಿಲ್ಲ. ಹರಿವು 50,000 ಕ್ಯುಸೆಕ್‌ಗಿಂತ ಕೆಳಗೆ ಇಳಿದರೆ ಎರಡೂ ಸರ್ಕಾರಗಳು ತಕ್ಷಣ ಮಾತುಕತೆಗೆ ಕೂಡಬೇಕು ಎಂದಷ್ಟೇ ಬರೆದಿದೆ. ಯಾರಿಗೆ ಎಷ್ಟು ಎಂದು ಹೇಳಿಲ್ಲ. ನೀರು ಅತಿ ಕಡಿಮೆ ಇರುವ ದಿನಕ್ಕೇ ಸೂತ್ರ ಇಲ್ಲ. ಇಬ್ಬರಿಗೂ ಒಪ್ಪಿಗೆಯಾಗದಿದ್ದರೆ ತೀರ್ಮಾನ ಮಾಡುವ ಮೂರನೆಯವರೂ ಇಲ್ಲ. ಸಿಂಧೂ ಒಪ್ಪಂದದಲ್ಲಿ ತಟಸ್ಥ ತಜ್ಞರು, ಪಂಚಾಯ್ತಿ ನ್ಯಾಯಾಲಯ ಎಂಬ ಮೆಟ್ಟಿಲುಗಳಿವೆ. ಇಲ್ಲಿ ಇರುವುದು ಜಂಟಿ ಸಮಿತಿ, ಅದರ ಮೇಲೆ 1972ರಿಂದ ಇರುವ ಜಂಟಿ ನದಿ ಆಯೋಗ, ಅದರ ಮೇಲೆ ಎರಡು ಸರ್ಕಾರಗಳು.

ಜಗತ್ತಿಗೆಲ್ಲ ಒಂದು ನಿಯಮ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ವಿಶ್ವಸಂಸ್ಥೆಯ ಮಹಾಸಭೆ 1997ರ ಮೇ 21ರಂದು ಅಂತರರಾಷ್ಟ್ರೀಯ ನದಿಗಳ ಒಡಂಬಡಿಕೆಯನ್ನು 103 ಮತಗಳಿಂದ ಒಪ್ಪಿತು. ವಿರೋಧಿಸಿದವರು ಚೀನಾ, ಟರ್ಕಿ, ಬುರುಂಡಿ. ಭಾರತ ತಟಸ್ಥವಾಗಿ ಉಳಿಯಿತು. ಸಾಕಷ್ಟು ದೇಶಗಳ ಅನುಮೋದನೆ ಸಿಕ್ಕಿ ಅದು ಜಾರಿಗೆ ಬರಲು 2014ರ ಆಗಸ್ಟ್ ಆಯಿತು. ನ್ಯಾಯೋಚಿತ ಬಳಕೆ, ಇನ್ನೊಬ್ಬರಿಗೆ ಗಣನೀಯ ಹಾನಿ ಮಾಡದಿರುವುದು ಎಂಬ ಎರಡು ತತ್ತ್ವಗಳು ಅದರ ಬೆನ್ನೆಲುಬು. ಸಹಿ ಹಾಕದವರನ್ನು ಅದು ಕಟ್ಟಿಹಾಕುವುದಿಲ್ಲ. ಆದರೆ ಇದನ್ನು ಗಮನಿಸಿ: ಆ ಮತದಾನಕ್ಕೆ ಐದು ತಿಂಗಳ ಮೊದಲೇ ದೇವೇಗೌಡರು ಸಹಿ ಹಾಕಿದ ಒಪ್ಪಂದದ ಒಂಬತ್ತನೆಯ ವಿಧಿಯಲ್ಲಿ ಸಮಾನತೆ, ನ್ಯಾಯಪರತೆ, ಯಾರಿಗೂ ಹಾನಿಯಿಲ್ಲ ಎಂಬ ಮಾತುಗಳಿವೆ. ಉಳಿದ ನದಿಗಳಿಗೂ ಇದೇ ತತ್ತ್ವದ ಮೇಲೆ ಒಪ್ಪಂದ ಮಾಡಿಕೊಳ್ಳುತ್ತೇವೆ ಎಂದು ಅಲ್ಲಿ ಬರೆದುಕೊಟ್ಟಿದ್ದೇವೆ. ಎರಡು ದೇಶಗಳು ಹಂಚಿಕೊಂಡಿರುವ ನದಿಗಳು 54. 2022ರಲ್ಲಿ ಕುಶಿಯಾರಾ ನದಿಯ ಬಗ್ಗೆ ಒಂದು ಚಿಕ್ಕ ತಿಳಿವಳಿಕೆ ಪತ್ರ ಆಯಿತು. ತೀಸ್ತಾ ನದಿಯ ಒಪ್ಪಂದ 2011ರಲ್ಲಿ ಸಹಿಯ ಹೊಸ್ತಿಲವರೆಗೆ ಬಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಅವರ ವಿರೋಧದಿಂದ ನಿಂತುಹೋಯಿತು.

ಬೆಳಗಾವಿ ಓದುಗ

ಎಂಟು ವರ್ಷ ಒಪ್ಪಂದವೇ ಇರಲಿಲ್ಲ ಎಂಬುದು ನನಗೆ ಹೊಸ ಮಾಹಿತಿ. ವಕೀಲೆಯವರಿಗೆ ಧನ್ಯವಾದ. ಆದರೂ ಒಂದು ಪ್ರಶ್ನೆಗೆ ಉತ್ತರ ಬೇಕು. ಮೇಲಿನವರು ತಮ್ಮ ಕೈಯಲ್ಲಿರುವ ಬಲವನ್ನು ಏಕೆ ಬಿಟ್ಟುಕೊಡಬೇಕು?

ಹೇಮೆಯ ದಂಡೆ

ನಾವು ಎಲ್ಲ ಕಡೆಯೂ ಮೇಲಿನವರಲ್ಲ ಎಂಬ ಕಾರಣಕ್ಕೆ. ಬ್ರಹ್ಮಪುತ್ರದಲ್ಲಿ ಚೀನಾ ಮೇಲೆ, ನಾವು ನಡುವೆ, ಬಾಂಗ್ಲಾದೇಶ ಕೆಳಗೆ. ಟಿಬೆಟ್‌ನ ಮೆಡೋಗ್‌ನಲ್ಲಿ 2025ರ ಜುಲೈನಲ್ಲಿ ಚೀನಾ ಭಾರಿ ಜಲವಿದ್ಯುತ್ ಯೋಜನೆಯ ಕೆಲಸ ಆರಂಭಿಸಿತು. ಚೀನಾದ ಜೊತೆ ನಮಗೆ ನೀರು ಹಂಚಿಕೆಯ ಒಪ್ಪಂದವೇ ಇಲ್ಲ. ಪ್ರವಾಹ ಕಾಲದ ಹರಿವಿನ ಮಾಹಿತಿ ಕೊಡುವ ತಿಳಿವಳಿಕೆ ಪತ್ರ ಮಾತ್ರ ಇತ್ತು. 2017ರಲ್ಲಿ ಡೋಕ್ಲಾಮ್ ಬಿಕ್ಕಟ್ಟಿನ ವರ್ಷ ಬ್ರಹ್ಮಪುತ್ರದ ಮಾಹಿತಿಯೇ ಬರಲಿಲ್ಲ. ಅಸ್ಸಾಮಿನ ದಂಡೆಯ ಜನ ಆ ಮಳೆಗಾಲವನ್ನು ಮೇಲಿನ ಸುದ್ದಿ ತಿಳಿಯದೆ ಕಳೆದರು. ಅಲ್ಲಿ ನಿಂತು ನಾವು ಏನನ್ನು ಕೇಳುತ್ತೇವೆಯೋ ಅದನ್ನೇ ಫರಕ್ಕಾದಲ್ಲಿ ನಮ್ಮನ್ನು ಕೇಳುತ್ತಾರೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಬೇಸಿಗೆಯಲ್ಲಿ ಫರಕ್ಕಾಕ್ಕೆ ಬರುವ ನೀರಿನಲ್ಲಿ ದೊಡ್ಡ ಪಾಲು ನೇಪಾಳದ ಕಡೆಯಿಂದ ಹರಿದು ಬರುವ ಕೋಸಿ, ಗಂಡಕಿ, ಘಾಘ್ರಾ ನದಿಗಳದ್ದು. ನೇಪಾಳ ಈ ಒಪ್ಪಂದದಲ್ಲಿ ಇಲ್ಲವೇ ಇಲ್ಲ. ನೇಪಾಳದಲ್ಲಿ ಜಲಾಶಯ ಕಟ್ಟಿ ಮಳೆಗಾಲದ ನೀರನ್ನು ಬೇಸಿಗೆಗೆ ಹಿಡಿದಿಡೋಣ ಎಂದು ಬಾಂಗ್ಲಾದೇಶ ಹಿಂದೆ ಕೇಳಿತ್ತು. ಬ್ರಹ್ಮಪುತ್ರದಿಂದ ಗಂಗೆಗೆ ನಾಲೆ ತೋಡೋಣ ಎಂದು ಭಾರತ ಹೇಳಿತ್ತು. ಎರಡೂ ಮುಂದೆ ಹೋಗಲಿಲ್ಲ. ಉತ್ತರ ಪ್ರದೇಶ, ಬಿಹಾರದಲ್ಲಿ ಮೇಲೆಯೇ ಎತ್ತಿಕೊಳ್ಳುವ ನೀರಿಗೂ ಗಟ್ಟಿಯಾದ ಮಿತಿ ಇಲ್ಲ. ಹರಿವನ್ನು ಕಾಪಾಡಲು ಎಲ್ಲ ಪ್ರಯತ್ನ ಮಾಡಲಾಗುವುದು ಎಂಬ ಸಾಲು ಮಾತ್ರ ಇದೆ. ಸರಾಸರಿ 1988ಕ್ಕೆ ನಿಂತಿದೆ. ಅಲ್ಲಿಂದ ಈಚೆಗೆ ಎಷ್ಟು ಕೊಳವೆ ಬಾವಿಗಳು ಬಂದಿವೆ, ಹಿಮನದಿಗಳು ಎಷ್ಟು ಹಿಂದೆ ಸರಿದಿವೆ! ಹೊಸ ಒಪ್ಪಂದಕ್ಕೆ ಹೊಸ ಲೆಕ್ಕವೇ ಬೇಕು.

ಹೂಗ್ಲಿ ತೀರ

ರಾಜ್ಯದ ಮಾತನ್ನೂ ಮರೆಯಬಾರದು. 1996ರಲ್ಲಿ ಸಹಿಗೆ ಕೆಲವೇ ದಿನಗಳ ಮೊದಲು ಮುಖ್ಯಮಂತ್ರಿ ಜ್ಯೋತಿ ಬಸು ಅವರೇ ಢಾಕಾಕ್ಕೆ ಹೋಗಿ ಮಾತನಾಡಿ ಬಂದರು. ಬಂಗಾಳ ಒಪ್ಪಿದ್ದರಿಂದ ದೆಹಲಿಗೆ ದಾರಿ ಸುಲಭವಾಯಿತು. 2024ರ ಜೂನ್‌ನಲ್ಲಿ ನವೀಕರಣಕ್ಕೆ ತಾಂತ್ರಿಕ ಮಾತುಕತೆ ಎಂದು ದೆಹಲಿ ಪ್ರಕಟಿಸಿದಾಗ, ತಮ್ಮನ್ನು ಕೇಳದೆ ಏನೂ ಮಾಡಬೇಡಿ ಎಂದು ಮಮತಾ ಅವರು ಪ್ರಧಾನಿಗೆ ಪತ್ರ ಬರೆದರು. ಸಂವಿಧಾನದ ಪ್ರಕಾರ ಒಪ್ಪಂದ ಮಾಡುವ ಅಧಿಕಾರ ಕೇಂದ್ರದ್ದೇ ಇರಬಹುದು. ಆದರೆ ನಾಲೆ ಇರುವ ರಾಜ್ಯವನ್ನು ಹೊರಗೆ ಕೂರಿಸಿ ಬರೆದ ಕಾಗದ ಬಾಳುವುದಿಲ್ಲ.

ಕೊನೆಭಾಗದ ರೈತ

ಇಷ್ಟು ಓದಿದ ಮೇಲೆ ಒಂದು ಅನುಮಾನ. ಇಷ್ಟು ನೀರು ಬಿಟ್ಟೆವು ಎಂದು ಇವರು ಹೇಳುತ್ತಾರೆ, ಬಂದಿಲ್ಲ ಎಂದು ಅವರು ಹೇಳುತ್ತಾರೆ. ಅಳೆಯುವವರು ಯಾರು? ನಮ್ಮಲ್ಲಿ ಜಗಳ ಹತ್ತುವುದೇ ಅಲ್ಲಿ.

ಹೇಮೆಯ ದಂಡೆ

ಇಬ್ಬರೂ ಸೇರಿ ಅಳೆಯುತ್ತಾರೆ. ಒಪ್ಪಂದದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದ ಭಾಗ ಇದೇ. ಪ್ರತಿ ವರ್ಷ ಜನವರಿ 1ರಿಂದ ಬಾಂಗ್ಲಾದೇಶದ ತಂಡವೊಂದು ಫರಕ್ಕಾಕ್ಕೆ ಬಂದು ನಮ್ಮವರ ಜೊತೆ ನಿಲ್ಲುತ್ತದೆ. ನಮ್ಮ ತಂಡವೊಂದು ಗಡಿ ದಾಟಿ ಅವರ ಹಾರ್ಡಿಂಜ್ ಸೇತುವೆಯ ಬಳಿಗೆ ಹೋಗಿ ಅವರ ಜೊತೆ ನಿಲ್ಲುತ್ತದೆ. ಬ್ಯಾರೇಜ್ ಕೆಳಗೆ ಎಷ್ಟು, ಪೂರಕ ನಾಲೆಯಲ್ಲಿ ಎಷ್ಟು, ಸೇತುವೆಯಲ್ಲಿ ಎಷ್ಟು ಎಂದು ದಿನವೂ ಬರೆದಿಡುತ್ತಾರೆ. ಮೇ 31ರವರೆಗೆ. ಸರ್ಕಾರಗಳು ಬದಲಾದಾಗಲೂ, ಗಡಿಯಲ್ಲಿ ಬಿಸಿ ಏರಿದಾಗಲೂ ಆ ಕೆಲಸ ನಡೆದಿದೆ.

ಕೊನೆಭಾಗದ ರೈತ

ಹಾಗಾದರೆ ಸರ್, ಡಿಸೆಂಬರ್‌ನಲ್ಲಿ ಕಾಗದ ಮುಗಿದರೆ, 2027ರ ಜನವರಿ 1ರಂದು ಆ ತಂಡಗಳನ್ನು ಯಾರು ಕಳುಹಿಸುತ್ತಾರೆ?

ಹೇಮೆಯ ದಂಡೆ

ಕಳುಹಿಸಬೇಕು ಎಂದು ಹೇಳುವ ಕಾಗದ ಆ ದಿನ ಇರುವುದಿಲ್ಲ, ಯಜಮಾನರೇ. ಹೊಸದಕ್ಕೆ ಸಹಿ ಬಿದ್ದಿರದಿದ್ದರೆ.